ಧರ್ಮಕ್ಕೆ ಕೊಟ್ಟದ್ದು

ಗಂಗೊಳ್ಳಿ
೧೧-೭-೨೦೨೫, ಶುಕ್ರವಾರ

ಪ್ರೀತಿಯ ಅಣ್ಣಯ್ಯಾ,

ನಿನ್ನ ಕೆಮ್ಮು ಬಿಟ್ಟಿತೇ? ಮಳೆಯಲ್ಲಿ ನೆನೆದು ಬಂದು ತಲೆಯನ್ನೂ ಒರೆಸಿಕೊಳ್ಳುವುದಿಲ್ಲ ಎಂದು ದೊಡ್ಡಮ್ಮ ವಂಡ್ಸೆಯಿಂದ ಅಮ್ಮನಿಗೆ ದೂರು ಹೇಳಿದ್ದಾರೆ. ನಿನ್ನ ಫೋನ್ ಯಾವಾಗಲೂ ಆಫ್. ದೊಡ್ಡಮ್ಮನ ಫೋನಿಗೆ ಮಾಡಿದರೆ ನೀನು ಸ್ನಾನಕ್ಕೆ ಹೋಗಿರುತ್ತೀ. ಇಷ್ಟೊಂದು ಸ್ನಾನ ಮಾಡಿದವನು ಈಗ ಬಿಳಿಚಿಕೊಂಡಿರಬೇಕು. ಅದಕ್ಕೇ ಈ ಕಾಗದ. ದೊಡ್ಡಮ್ಮನ ಮಗಳು ನವ್ಯಾ ನಾಳೆ ಬೆಳಗಿನ ಬಸ್ಸಿಗೆ ಅಲ್ಲಿಗೆ ಬರುತ್ತಾಳೆ, ಅವಳ ಕೈಯಲ್ಲಿ ಕೊಡುತ್ತೇನೆ. ಓದದೆ ಮಡಚಿಟ್ಟರೆ ನನ್ನಾಣೆ.

ಚಂದಯ್ಯ ಮಾವನ ಕೈಯ ಪ್ಲಾಸ್ಟರ್ ಇನ್ನೂ ತೆಗೆದಿಲ್ಲ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಅವರ ದೋಣಿ ಮಗುಚಿದ ದಿನ, 'ನನ್ ಲೆಕ್ಕವೇ ತಪ್ಪ್' ಎಂದು ನೀನು ಚೀಲ ಎತ್ತಿಕೊಂಡು ವಂಡ್ಸೆಗೆ ಹೋದೆ. ಮೊನ್ನೆ ಅವರ ಫೋನ್ ತೆಗೆದು ನೋಡಿದೆ. ಅದರಲ್ಲಿದ್ದದ್ದು, ಅಳಿವೆ ದಾಟುವ ಹೊತ್ತು ತಿಳಿಸಲು ನಾವಿಬ್ಬರೂ ಬರೆದ ಪ್ರೋಗ್ರಾಮೇ ಅಲ್ಲ ಅಣ್ಣಯ್ಯ. ಪ್ರೋಗ್ರಾಮಿನ ಹೆಸರು ನಾವಿಟ್ಟದ್ದೇ, ಬಣ್ಣವೂ ನಮ್ಮದೇ. ಆದರೆ ಹೊಳೆಯ ಸೆಳೆತ ತಗ್ಗಲಿ ಎಂದು, ನೀರು ಏರಲು ಶುರುವಾದ ಮೇಲೂ ಅರ್ಧ ಗಂಟೆ 'ಕಾಯಿರಿ' ಎಂದು ತೋರಿಸುವಂತೆ ನೀನು ಬರೆದಿದ್ದೆಯಲ್ಲ, ಆ ಸಾಲುಗಳೇ ಇಲ್ಲ. ಅದನ್ನು ಅವರ ಫೋನಿಗೆ ಹಾಕಿಕೊಟ್ಟ ಕುಂದಾಪುರದ ಮೊಬೈಲ್ ಅಂಗಡಿಯ ಕಿಟ್ಟ ತೆಗೆದಿದ್ದಾನೆ. ಹೋಗಿ ಕೇಳಿದೆ. ಅವನಿಗೆ ನಾಚಿಕೆಯೂ ಇಲ್ಲ. 'ಧರ್ಮಕ್ಕೆ ಕೊಟ್ಟದ್ದಲ್ದಾ? ಕಾಯೂಕೆ ಯಾರಿಗೂ ಪುರ್ಸೊತ್ತಿಲ್ಲೆ, ತೆಗ್ದ್ ಬಿಟ್ಟೆ' ಎಂದ. ನನಗೆ ಮೈಯೆಲ್ಲ ಉರಿಯಿತು.

ಆ ಮಾತು ಊರಿಗೆ ಹಂಚಿದ್ದು ನಮ್ಮ ಅಪ್ಪಯ್ಯನೇ. 'ನಮ್ಮ್ ಮಕ್ಳ್ ಧರ್ಮಕ್ಕೆ ಕೊಡ್ತ್ರ್' ಎಂದು ಬಂದರಿನಲ್ಲೆಲ್ಲ ಹೆಮ್ಮೆಯಿಂದ ಹೇಳಿದರು. ಅವರು ಹೇಳಿದ್ದು ದುಡ್ಡಿಲ್ಲದೆ ಎಂದು. ಕೇಳಿದವರಿಗೆ ಅದು ವಾರಸುದಾರರೇ ಇಲ್ಲದ ಮಾಲಾಯಿತು. ಅದು ಯಾರದೆಂದು ನಾವೂ ಒಂದು ಸಾಲು ಬರೆದಿಡಲಿಲ್ಲ. ಈಗಲಾದರೂ ಪ್ರೋಗ್ರಾಮಿಗೆ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಹಾಕೋಣ ಎಂದು ಅದನ್ನು ಪೂರ್ತಿ ಓದಿದೆ. ಯಾರು ಬೇಕಾದರೂ ತೆಗೆದುಕೊಳ್ಳಲಿ, ಬದಲಿಸಲಿ, ಹಂಚಲಿ. ಆದರೆ ಬದಲಿಸಿದ್ದೇನೆಂದು ತನ್ನ ಹೆಸರು ಹಾಕಿ ಹೇಳಬೇಕು, ಒಳಗಿನ ಬರಹವನ್ನೂ, ಅಂದರೆ ಕೋಡನ್ನೂ, ತೋರಿಸಬೇಕು, ಪಡೆದವರಿಗೂ ಅದೇ ಹಕ್ಕು ಕೊಡಬೇಕು. ಕಿಟ್ಟನೂ ಅಷ್ಟು ಮಾಡಿದ್ದರೆ ಚಂದಯ್ಯ ಮಾವ ನಿನ್ನನ್ನು ನಂಬಿ ಅವನ ಲೆಕ್ಕದಲ್ಲಿ ಹೊರಡುತ್ತಿರಲಿಲ್ಲ.

ಒಂದೇ ಕಡೆ ತಡೆದು ಮತ್ತೆ ಓದಿದೆ. ಈ ಪ್ರೋಗ್ರಾಮಿಗೆ ಯಾವ ಖಾತರಿಯೂ ಇಲ್ಲ ಎಂಬ ಮಾತು ಅದರಲ್ಲಿದೆ. ಜೀವ ಕೈಯಲ್ಲಿ ಹಿಡಿದು ಹೋಗುವವರಿಗೆ ಹಾಗೆ ಹೇಳುವುದು ಹೇಗೆ? ಅಪ್ಪಯ್ಯನಿಗೆ ಓದಿ ಹೇಳಿದೆ. ಬಲೆ ಹೊಲಿಯುತ್ತಿದ್ದವರು ತಲೆ ಎತ್ತಲಿಲ್ಲ. 'ಸಮುದ್ರಕ್ಕೆ ಖಾತ್ರಿ ಯಾರ್ ಕೊಡ್ತ್ರ್? ಇದ್ದದ್ದ್ ಇದ್ದಾಂಗೆ ಬರಿ' ಎಂದರು.

ಈಗ ಎಲ್ಲ ತಯಾರಿದೆ, ನೀನೊಬ್ಬ ಬಾಕಿ. ಲೆಕ್ಕದ ಭಾಗವೆಲ್ಲ ನಿನ್ನ ಬರಹ. ನೀನು ಒಪ್ಪದೆ ಅದಕ್ಕೆ ಲೈಸೆನ್ಸ್ ಹಾಕುವ ಅಧಿಕಾರ ನನಗಿಲ್ಲ. ಕಿಟ್ಟನ ಪ್ರತಿಯನ್ನು ಅಳಿಸಿ ಎಂದು ದೋಣಿಯವರಿಗೆ ಹೇಳಿದರೆ, 'ಅಸ್ಲಿ ಯಾವ್ದ್?' ಎಂದು ನನ್ನನ್ನೇ ಕೇಳುತ್ತಾರೆ. ಎರಡರಲ್ಲೂ ಬರೆದವರ ಹೆಸರೇ ಇಲ್ಲ. ನಾನೇನು ತೋರಿಸಲಿ? ನನಗೆ ಭಯವಾಗಿದೆ, ಅಣ್ಣಯ್ಯ.

ಅಮ್ಮ ಒಣಸಿಗಡಿ ಚಟ್ನಿ ಕಳಿಸಿದ್ದಾರೆ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ
ಶರ್ಮಿಳಾ

ಮರೆತೆ: ಅಮ್ಮ ಬರೆಯಬೇಡ ಎಂದಿದ್ದರು, ಆದರೂ ಬರೆಯುತ್ತೇನೆ. ಕೈ ಮುರಿದ ಚಂದಯ್ಯ ಮಾವನ ಬದಲು ಭಾನುವಾರ ಅವರ ದೋಣಿ ಇಳಿಸುವವರು ಅಪ್ಪಯ್ಯ. ಅಪ್ಪಯ್ಯನ ಫೋನಿನಲ್ಲಿ ನೀನು ಬರೆದದ್ದನ್ನೇ ಹಾಕಿಕೊಟ್ಟಿದ್ದೇನೆ. ಬೇರೆ ಯಾರನ್ನಾದರೂ ಒಂದು ಮಾತು ಕೇಳಿ ಎಂದದ್ದಕ್ಕೆ, 'ಶೈಲೇಶ ಬರ್ದದ್ದಲ್ದಾ, ಅದ್ ಹೇಳ್ದಾಂಗೆ ಹೋತೆ' ಎಂದರು. ನಿನ್ನ ಲೆಕ್ಕದ ಮೇಲೆ ನಿನಗೇ ನಂಬಿಕೆ ಇಲ್ಲದಿದ್ದರೆ, ಈ ಕಾಗದ ಸಿಕ್ಕ ದಿನವೇ ಬಂದು ಅದನ್ನು ಅವರ ಮುಖಕ್ಕೆ ಹೇಳು. ಇದ್ದರೆ, ಬಂದು ಹೆಸರು ಹಾಕು.