ಇಸಿಜಿ ಯಾರದು?

ದೊಡ್ಡಆಲಹಳ್ಳಿ
12-8-1986

ಮೈದುನ ರಾಮಲಿಂಗಯ್ಯನಿಗೆ ಅತ್ತಿಗೆಯ ಆಶೀರ್ವಾದ.

ರಾಮನಗರದಲ್ಲಿ ನೀನು ನಿಮ್ಮಣ್ಣನಿಗೆ ಮಾಡಿಸಿಕೊಟ್ಟ ಇಸಿಜಿ ಕಾಗದವನ್ನು ಇಲ್ಲಿನ ನರ್ಸಮ್ಮನಿಗೆ ತೋರಿಸಿದೆ. "ಗೆರೆ ಏಳೋದೆಲ್ಲ ಒಂದೇ ಅಂತರದಲ್ಲೈತೆ, ಎದೆಯ ಪ್ರತಿ ಬಡಿತಕ್ಕೂ ಮುಂಚೆ ಸಣ್ಣ ಉಬ್ಬೂ ಐತೆ. ನಾರ್ಮಲ್ ಕಣಮ್ಮ" ಅಂದರು.

ಆದರೆ ನಿಮ್ಮಣ್ಣ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ನಾಲ್ಕು ಹೆಜ್ಜೆಗೇ ಕೂರುತ್ತಾರೆ. ಕೈ ಹಿಡಿದು ನೋಡಿದರೆ ನಾಡಿ ತಪ್ಪಿ ತಪ್ಪಿ ಬಡಿಯುತ್ತದೆ. ಕಾಗದದ ಮೂಲೆಯಲ್ಲಿ ವಯಸ್ಸು ಇಪ್ಪತ್ತೆಂಟು ಅಂತಿದೆ. ಅದು ನಿನ್ನ ವಯಸ್ಸಲ್ಲವೇ? ನಿಮ್ಮಣ್ಣನನ್ನು ಕೇಳಿದರೆ, "ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಲಿ, ಆಮೇಲೆ ನೋಡಾನ ಬುಡು" ಅಂತಾರೆ. ಅಣ್ಣ ಬೇಡಿಕೊಂಡರು ಅಂತ ಅವರ ಬದಲು ಇಸಿಜಿ ಮಂಚದ ಮೇಲೆ ನೀನು ಮಲಗಿದೆಯಾ?

ನಿನ್ನ ಎದೆ ಚೆನ್ನಾಗಿದೆ, ಸಂತೋಷ. ಸೋಮವಾರ ಮೊದಲ ಬಸ್ಸಿಗೆ ಅವರನ್ನು ಕರೆತರುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿರು. ಈ ಸಲ ಮಂಚದ ಪಕ್ಕ ನಾನೇ ನಿಂತಿರುತ್ತೇನೆ.

ಇಂತಿ,
ಕಾವೇರಮ್ಮ