ಒಡ್ಡಿನ ಮೇಲಿನ ಗಂಡು ಗಿಡಗಳು

ಉಪ್ಪು ಹೊಕ್ಕ ನೂರಾ ಹನ್ನೊಂದನೇ ವರ್ಷ,
ಹದಿಮೂರನೇ ತಿಂಗಳು, ಗಾಳಿ ತಿರುಗಿದ ಮರುದಿನ.

ದಂಡೆ ಇದ್ದ ಕಾಲದ ಹಿರಿಯರಿಗೆ, ಅಘನಾಶಿನಿಯ ಗಜನಿಯಿಂದ ಮಾದೇವಿ ಕೈಮುಗಿದು ಬರೆಯುವುದು.

ಮೇಲಿನ ತಾರೀಖು ನಿಮಗೆ ಅರ್ಥವಾಗಲಿಕ್ಕಿಲ್ಲ. ನಿಮ್ಮ ಪಂಚಾಂಗದಲ್ಲಿ ಹೆಚ್ಚಿನ ತಿಂಗಳು ಯಾವಾಗಲೋ ಒಮ್ಮೆ ಬರುತ್ತಿತ್ತಂತೆ. ನಮ್ಮಲ್ಲಿ ಅದು ಪ್ರತಿ ವರ್ಷ ಬರುತ್ತದೆ, ಏಕೆಂದರೆ ಮಳೆ ಮುಗಿಯುವವರೆಗೆ ವರ್ಷ ಮುಗಿಯಿತೆಂದು ನಾವು ಹೇಳುವುದಿಲ್ಲ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ಬಂದರೆ ಮನ್ನಿಸಬೇಕು. ಕಾಗದ ಹಿಂದಿನ ಕಾಲಕ್ಕೆ ಹೋಗುವುದಿಲ್ಲವೆಂದು ನನಗೆ ಗೊತ್ತಿದೆ. ಆದರೂ ಇದನ್ನು ಹೇಳಲು ಈಗಿನವರು ಯಾರೂ ಸಿಗಲಿಲ್ಲ. ಇಲ್ಲಿರುವ ಎಲ್ಲರಿಗೂ ಇದು ಗೊತ್ತಿರುವ ವಿಷಯವೇ, ಅದಕ್ಕೇ ಯಾರೂ ಇದರ ಮಾತೆತ್ತುವುದಿಲ್ಲ.

ನೀವು ಭತ್ತ ಬೆಳೆಯುತ್ತಿದ್ದ ಗಜನಿ ಗದ್ದೆಗಳು ಈಗ ವರ್ಷವಿಡೀ ಕೆಸರು. ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ, ಕಡಲ ಭರತದ ಹೊತ್ತಿಗೆ ಮೇಲೆ ಉಪ್ಪುನೀರು ಬಂದು ನಿಲ್ಲುತ್ತದೆ. ನಾವು ಇರುವುದು ತೇಲ್ಮನೆಗಳಲ್ಲಿ. ಅಂದರೆ ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹಾಕಿ ಕಟ್ಟಿದ ಮನೆಗಳು. ಪ್ರತಿ ಮನೆಯನ್ನೂ ಕೆಸರಿನಲ್ಲಿ ಆಳವಾಗಿ ನೆಟ್ಟ ಕಂಬಗಳಿಗೆ ಹಗ್ಗದಿಂದ ಬಿಗಿದಿರುತ್ತೇವೆ. ನೀರು ಏರಿದರೆ ಮನೆ ಏರುತ್ತದೆ, ಇಳಿದರೆ ಕೆಸರಿನ ಮೇಲೆ ಕೂರುತ್ತದೆ. ನಿಮ್ಮ ಕಾಲದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಯಿತು. ತೆಂಗು ಉಪ್ಪಿಗೆ ಸತ್ತಿತು, ಅದರ ಜೊತೆ ಕತ್ತದ ಹಗ್ಗವೂ ಹೋಯಿತು. ಈಗ ಉಳಿದಿರುವುದು ಭಂಗಿಯ ನಾರು. ಊರಿನಲ್ಲಿ ಒಣಗಿ ನಿಂತಿರುವ ನೆಲವೆಂದರೆ ಗಜನಿಯ ಹಳೆಯ ಮಣ್ಣಿನ ಒಡ್ಡು ಒಂದೇ. ಅದರ ಉದ್ದಕ್ಕೂ ಜಟ್ಟಿ ಅಂಬಿಗ ಭಂಗಿ ಬಿತ್ತಿ, ನಾರು ತೆಗೆದು, ಊರಿಗೆಲ್ಲ ಹಗ್ಗ ಹೊಸೆಯುತ್ತಾನೆ. ನಾನು ಅವನನ್ನು ಜಟ್ಟಣ್ಣ ಎಂದು ಕರೆಯುತ್ತೇನೆ. ಅವನ ಹೆಂಡತಿ ಹನುಮಕ್ಕ.

ನಾನೂ ಭಂಗಿ ಬೆಳೆಯುವವಳೇ, ಆದರೆ ನನ್ನದು ನಾರಿನ ಜಾತಿಯಲ್ಲ. ನನ್ನ ತಂಗಿ ಸೋಮಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ನೀರಿನ ಮೇಲೆ ಬದುಕುವವರಿಗೆ ಆ ಕಾಯಿಲೆ ಬಂದರೆ ಬಿದ್ದಲ್ಲಿ ನೆಲ ಇರುವುದಿಲ್ಲ. ಅವಳು ಸಣ್ಣವಳಿದ್ದಾಗ, ಈಗಿಲ್ಲದ ನಮ್ಮ ಅಮ್ಮ ಅವಳ ಸೊಂಟಕ್ಕೆ ದಾರ ಕಟ್ಟಿ ಮನೆಯ ಕಂಬಕ್ಕೆ ಬಿಗಿಯುತ್ತಿದ್ದಳು. ಹೆಣ್ಣು ಗಿಡದ ಹೂವನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಸಿ, ಆ ಎಣ್ಣೆಯನ್ನು ನಾಲಿಗೆ ಕೆಳಗೆ ಬಿಟ್ಟರೆ ಫಿಟ್ಸ್ ನಿಲ್ಲುತ್ತದೆಂದು ತಿಳಿದ ಮೇಲೆ ಆ ದಾರ ಬಿಚ್ಚಿದೆವು. ಎಲ್ಲರಿಗೂ ನಿಲ್ಲುವುದಿಲ್ಲವಂತೆ. ಸೋಮಿಗೆ ನಿಂತಿತು. ಅವಳು ದೋಣಿ ಕಲಿತಳು. ಈಗ ಎತ್ತರಿಗರ ಊರಿಗೆ ಜನರನ್ನು ದಾಟಿಸುವ ತಾರಿ ನಡೆಸುವವಳು ಅವಳೇ. ಎತ್ತರಿಗರೆಂದರೆ ಘಟ್ಟದ ಇಳಿಜಾರಿಗೆ ಮೊದಲೇ ಹತ್ತಿ ಹೋದವರ ಮಕ್ಕಳು. ನಮ್ಮಿಂದ ಒಣಮೀನು ಕೊಂಡು ನಮಗೆ ಅಕ್ಕಿ, ಎಣ್ಣೆ, ಮಣ್ಣು ಕೊಡುತ್ತಾರೆ.

ಆ ಮಣ್ಣಿನಲ್ಲೇ ನನ್ನ ಗಿಡಗಳು, ಎಲ್ಲವೂ ಹೆಣ್ಣು, ಕಡ್ಡಿ ನೆಟ್ಟು ಬೆಳೆಸಿದವು. ಇಲ್ಲಿಯ ಕೆಸರಿನಲ್ಲಿ ನೆಟ್ಟರೆ ಭಂಗಿಯ ಬೇರು ವಾರದೊಳಗೆ ಕೊಳೆಯುತ್ತದೆ. ಅದಕ್ಕೆ ನೀರು ಬೇಕು, ನಿಂತ ನೀರು ಆಗದು. ಹಾಗಾಗಿ ನೀಲಿ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ದು, ಬದಿಯಲ್ಲಿ ತೂತು ಹೊಡೆದು, ಅಡಿಯಲ್ಲಿ ಚಿಪ್ಪಿ ಹರಡಿ, ಮೇಲೆ ಘಟ್ಟದ ಮಣ್ಣು ತುಂಬುತ್ತೇನೆ. ಇದಕ್ಕೆ ನಾವು ತೊಟ್ಟಿಲುಮಣ್ಣು ಎನ್ನುತ್ತೇವೆ. ನೆಲ ಮುಟ್ಟದೆ ಮಗುವಿನ ಹಾಗೆ ಎತ್ತರದಲ್ಲೇ ಇರುವ ಮಣ್ಣು. ಕೆಸರಿನ ಮೇಲೆ ಚಿರೆಕಲ್ಲುಗಳನ್ನು ಜೋಡಿಸಿ, ಅದರ ಮೇಲೆ ಬಿದಿರಿನ ಅಟ್ಟ ಹಾಕಿ, ಡ್ರಮ್ಮುಗಳನ್ನು ಸಾಲಾಗಿ ಇಟ್ಟಿದ್ದೇನೆ. ಚಿರೆಕಲ್ಲುಗಳು ಮುಳುಗಿದ ಮನೆಗಳ ಗೋಡೆಯವು, ಬಹುಶಃ ನಿಮ್ಮವೇ. ಅಟ್ಟ ದಿನದಿನವೂ ಒಂದು ಕಡೆಗೆ ಕುಸಿಯುತ್ತದೆ, ಮತ್ತೆ ಕಲ್ಲು ಕೊಟ್ಟು ಎತ್ತಬೇಕು. ತೂತಿನಿಂದ ಇಣುಕಿದ ಬೇರು ಕೆಸರಿನ ವಾಸನೆ ಹಿಡಿದು ಕೆಳಗಿಳಿಯುತ್ತದೆ. ಅದನ್ನು ಚಿವುಟದಿದ್ದರೆ ಉಪ್ಪು ಹೀರಿ ಇಡೀ ಗಿಡ ಹಳದಿಯಾಗುತ್ತದೆ. ಮಳೆ ಹೆಚ್ಚಾದರೆ ಚಾಪೆ ಮುಚ್ಚಬೇಕು, ಬಿಸಿಲು ಬಂದ ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಹೂವಿಗೆ ಬೂಷ್ಟು. ಇಷ್ಟೆಲ್ಲ ಮಾಡಿಯೂ ಒಂದು ಸಂಗತಿ ನನ್ನ ಕೈಯಲ್ಲಿಲ್ಲ, ಅದು ಗಾಳಿ. ಹೆಣ್ಣು ಹೂವಿಗೆ ಗಂಡು ಗಿಡದ ಹೂವಿನ ಹುಡಿ ತಾಗಿದರೆ ಗಿಡ ಕಾಳು ಕಟ್ಟಲು ಹೊರಡುತ್ತದೆ. ಆಮೇಲೆ ಅದರ ಔಷಧದ ಅಂಟು ಸೊರಗುತ್ತದೆ. ಜಟ್ಟಣ್ಣನ ಒಡ್ಡು ನನ್ನ ಅಟ್ಟದ ಮೂಡಣಕ್ಕಿದೆ. ಹೂ ಬಿಡುವ ಕಾಲಕ್ಕೆ ಯಾವಾಗಲೂ ಪಡುವಣದ ಗಾಳಿ ಇರುತ್ತಿತ್ತು. ಅವನ ಹುಡಿ ಘಟ್ಟದ ಕಡೆಗೆ ಹೋಗುತ್ತಿತ್ತು. ಹಾಗಾಗಿ ನಾವು ಅಕ್ಕಪಕ್ಕದಲ್ಲೇ ಬದುಕಿಕೊಂಡಿದ್ದೆವು.

ಎರಡು ವರ್ಷದ ಹಿಂದೆ ಗಾಳಿ ತಿರುಗಿತು. ಮಳೆ ಪೂರ್ತಿ ಹಿಂದೆ ಸರಿಯುವ ಮೊದಲೇ ಮೂಡಣದಿಂದ ಬೀಸತೊಡಗಿ, ಸಂಜೆಯಾದರೂ ನಿಲ್ಲಲಿಲ್ಲ. ನಾನು ದೋಣಿ ತೆಗೆದುಕೊಂಡು ಒಡ್ಡಿಗೆ ಹೋದೆ. ಗಂಡು ಗಿಡಗಳಲ್ಲಿ ಮೊಗ್ಗು ಗೊಂಚಲು ಗೊಂಚಲಾಗಿ ತೂಗುತ್ತಿತ್ತು, ಒಂದೂ ಒಡೆದಿರಲಿಲ್ಲ. ಜಟ್ಟಣ್ಣ ಹುಲ್ಲು ಕೀಳುತ್ತಿದ್ದ.

"ಅಣ್ಣ, ಗಾಳಿ ನೋಡಿದ್ಯಾ?" ಎಂದೆ.

"ನೋಡ್ದೆ. ನೀ ಬತ್ತೆ ಅಂತಲೂ ಗೊತ್ತಿತ್ತು."

"ಗಂಡು ಗಿಡ ಕೊಯ್ದುಬಿಡು. ನಾರು ಹೇಗೂ ಸಿಕ್ತದಲ್ಲ."

"ನಾರು ಸಿಕ್ತದೆ ಮಾದೇವಿ. ಬೀಜ ಎಲ್ಲಿಂದ ತರ್ಲಿ? ಬರೋ ವರ್ಷ ಎಂತದ್ದು ಬಿತ್ತುದು? ಅದರ ಮುಂದಿನ ಮಳೆಗಾಲಕ್ಕೆ ಮನೆ ಎಂತದ್ರಲ್ಲಿ ಕಟ್ಟುದು, ನಿನ್ನ ತಂಗಿ ಔಷಧದಲ್ಲಾ?"

ಅವನು ಸಿಟ್ಟಿನಿಂದ ಹಾಗೆ ಹೇಳಲಿಲ್ಲ. ಅವನಿಗೆ ಒಬ್ಬಳೇ ಮಗಳಿದ್ದಳು, ಕುಸುಮಿ. ಅವಳ ಮನೆಯ ಹಗ್ಗ ಹಳೆಯದಾಗಿತ್ತು. ಹೊಸದನ್ನು ಹೊಸೆಯುವ ಮುಂಚೆಯೇ ದೊಡ್ಡ ಗಾಳಿ ಬಂದು, ಹಗ್ಗ ಹರಿದು, ಅವಳನ್ನೂ ಅವಳ ಗಂಡನನ್ನೂ ಹೊತ್ತ ಮನೆ ಅಳಿವೆ ದಾಟಿ ಕಡಲಿಗೆ ಹೋಯಿತು. ನಾವೆಲ್ಲ ನೋಡುತ್ತ ನಿಂತಿದ್ದೆವು. ಅಂದಿನಿಂದ ಅವನು ಒಡ್ಡಿನಲ್ಲಿ ಒಂದು ಗಿಡವನ್ನೂ ಹಾಳಾಗಲು ಬಿಟ್ಟವನಲ್ಲ. ಹಳೆಯ ಬೀಜ ಈ ತೇವದಲ್ಲಿ ವರ್ಷ ದಾಟಿದರೆ ಮೊಳೆಯುವುದಿಲ್ಲ. ಬೇರೆ ಕಡೆಯಿಂದ ಬೀಜ ತರೋಣವೆಂದರೆ, ಎತ್ತರಿಗರು ಭಂಗಿಯೆಂದರೆ ಅಮಲೆಂದೇ ತಿಳಿದು ಅವರಲ್ಲಿದ್ದ ಬೀಜವನ್ನೆಲ್ಲ ಎಂದೋ ಸುಟ್ಟಿದ್ದರು. ನಾನು ದೋಣಿ ಹತ್ತಿ ಹಿಂದಕ್ಕೆ ಬಂದೆ.

ಸೋಮಿಗೆ ವಿಷಯ ಗೊತ್ತಾಯಿತು. ಅವಳು ನನಗೆ ಹೇಳದೆ ಜಟ್ಟಣ್ಣನ ಮನೆಗೆ ದೋಣಿ ತಿರುಗಿಸಿದಳು. ಹಿಂದೆಯೇ ಹೋದ ನಾನು ಬಾಗಿಲಲ್ಲಿ ನಿಂತು ಕೇಳಿದೆ.

"ಅಣ್ಣ, ಅಕ್ಕನ ಮಾತು ಕೇಳಿ ಏನೂ ಕೊಯ್ಬೇಡ," ಎನ್ನುತ್ತಿದ್ದಳು. "ನನ್ನ ಕಾಯಿಲೆ ನನ್ನೊಬ್ಬಳದ್ದು. ಹಗ್ಗ ಎಲ್ಲರದ್ದು. ತಾರಿ ಬೇರೆ ಯಾರಾದ್ರೂ ನಡೆಸ್ಲಿ. ನಾ ಮನೇಲಿ ಇರ್ತೆ."

"ಸೊಂಟಕ್ಕೆ ದಾರ ಕಟ್ಕಂಡಾ?" ಎಂದು ಹನುಮಕ್ಕ ಕೇಳಿದಳು.

"ಕಟ್ಕಂಡೇ ಇರ್ತೆ. ಅದೆಂತ ನನಗೆ ಹೊಸದಾ?"

ಹನುಮಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. ಕುಸುಮಿ ಹೋದ ಮೇಲೆ ಅವಳು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಕೂಸು ಹೋಗುವಾಗ ನಮ್ಮ ಕೈಯಲ್ಲಿ ಹಿಡಿಲಿಕ್ಕೆ ಎಂತದೂ ಇರ್ಲಿಲ್ಲ," ಎಂದು ಗಂಡನಿಗೆ ಹೇಳಿದಳು. "ಈಗ ಉಂಟು. ನಿನ್ನ ಕೈಲೇ ಉಂಟು. ಇವಳನ್ನೂ ನೋಡ್ತಾ ನಿಲ್ಲೂದಾ?"

ಮರುದಿನ ಬೆಳಿಗ್ಗೆ ಅವನು ಕುಡುಗೋಲು ಹಿಡಿದು ಒಡ್ಡಿಗೆ ಇಳಿದ. ಕೊಯ್ಯುವ ಮೊದಲು ನನ್ನನ್ನು ಕರೆಸಿದ. ಕೆಲವು ಗಂಡು ಗಿಡಗಳನ್ನೂ ಕೆಲವು ಹೆಣ್ಣು ಗಿಡಗಳನ್ನೂ ಬೇರು ಸಮೇತ ಎಬ್ಬಿಸಿ, ಡ್ರಮ್ಮಿನಲ್ಲಿ ನೆಟ್ಟು, ಅಳಿವೆಯ ಆಚೆಯ ಮರಳದಿಬ್ಬದಲ್ಲಿ ಇಟ್ಟರೆ ಬೀಜಕ್ಕೆ ಅಷ್ಟಾದರೂ ಆದೀತು ಎಂದ. ಅಲ್ಲಿಂದ ಹುಡಿ ಹಾರಿದರೂ ಕಡಲಿಗೆ. ಆದರೆ ಡ್ರಮ್ಮೂ ಮಣ್ಣೂ ನನ್ನ ಬಳಿ ಮಾತ್ರ ಇದ್ದವು. ನನ್ನ ಸಾಲಿನ ಅರ್ಧದಷ್ಟು ಗಿಡಗಳನ್ನು ನಾನೇ ಬುಡದಲ್ಲಿ ಕೊಯ್ದು ಡ್ರಮ್ಮು ಖಾಲಿ ಮಾಡಿಕೊಟ್ಟೆ. ಹೂ ತುಂಬುತ್ತಿದ್ದ ಗಿಡಗಳು. ಕೈಗೆ ಹತ್ತಿದ ಅಂಟು ಬಹಳ ಹೊತ್ತು ಹೋಗಲಿಲ್ಲ. ಒಡ್ಡಿನ ಮೇಲೆ ಅವನು ಕೊಯ್ಯುವ ಸಪ್ಪಳ ಕೇಳುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಡ್ರಮ್ಮುಗಳನ್ನು ತೆಪ್ಪದ ಮೇಲೆ ಹೇರಿ ಮರಳದಿಬ್ಬಕ್ಕೆ ಒಯ್ದವಳು ಸೋಮಿ. ಅಳಿವೆಯ ಸುಳಿ ಬಲ್ಲವರು ಬೇರೆ ಇರಲಿಲ್ಲ. ಜಟ್ಟಣ್ಣ ಜೊತೆಗೆ ಹೋದ. ನಡುದಾರಿಯಲ್ಲಿ ಅಲೆ ಎದ್ದು ತೆಪ್ಪ ವಾಲಿ ಎರಡು ಡ್ರಮ್ಮು ನೀರಿಗೆ ಉರುಳಿದವಂತೆ. ಹಿಡಿಯಲು ಹೋದ ಜಟ್ಟಣ್ಣನನ್ನು ಸೋಮಿ ಅಂಗಿ ಹಿಡಿದು ಎಳೆದು ಕೂರಿಸಿ, "ಗಿಡ ಹೋಗ್ಲಿ, ನೀ ಕೂರು!" ಎಂದು ಗದರಿಸಿದಳಂತೆ. ಬಂದ ಮೇಲೆ ಅವನೇ ಹೇಳಿ ನಕ್ಕ. ಎಷ್ಟೋ ವರ್ಷದ ನಂತರ ಅವನ ನಗು ನೋಡಿದೆ.

ಆ ವರ್ಷ ಸೋಮಿಯ ಔಷಧ ಕಡಿಮೆಯಾಯಿತು, ಕೆಡಲಿಲ್ಲ. ತೊಟ್ಟು ಕಡಿಮೆ ಮಾಡಿ ಹೇಗೋ ನಡೆಸಿದೆವು. ಒಮ್ಮೆ ಹಲಗೆಯ ಮೇಲೆಯೇ ಫಿಟ್ಸ್ ಬಂತು, ನಾನು ಪಕ್ಕದಲ್ಲಿದ್ದೆ. ಮರಳದಿಬ್ಬದಿಂದ ಬಂದ ಬೀಜ ಬೊಗಸೆಯಷ್ಟು. ಮುಂದಿನ ವರ್ಷ ಗಾಳಿ ಸರಿಯಾಗಿಯೇ ಬೀಸಿತು, ಆದರೆ ಒಡ್ಡಿನಲ್ಲಿ ಹಸಿರು ಅಲ್ಲಲ್ಲಿ ಮಾತ್ರ. ಆ ನಾರಿನಿಂದ ಈ ಸಲದ ಮಳೆಗಾಲಕ್ಕೆ ಹೊಸೆದ ಹಗ್ಗ ಎಲ್ಲ ಮನೆಗೆ ಸಾಲಲಿಲ್ಲ. ಜಟ್ಟಣ್ಣನೇ ಮನೆ ಮನೆಗೆ ಹೋಗಿ ಕಟ್ಟಿಕೊಟ್ಟ. ನಮ್ಮ ಮನೆ ಎಲ್ಲಕ್ಕಿಂತ ಹೊರಗೆ, ಅಳಿವೆಯ ಕಡೆಗಿದೆ. ಅದಕ್ಕೆ ನಾಲ್ಕೂ ಮೂಲೆಗೆ ಹೊಸ ಹಗ್ಗ ಬಿಗಿದ. ದೊಡ್ಡ ಗಾಳಿ ಬರುವ ಸೂಚನೆ ಕಂಡ ಮಧ್ಯಾಹ್ನ ಅವನೂ ಹನುಮಕ್ಕನೂ ಒಂದು ಗಂಟು ಹಿಡಿದು ನಮ್ಮ ಮನೆಗೆ ಬಂದರು.

"ಎಂತ ಅಣ್ಣ, ಗಂಟು ಕಟ್ಕಂಡು ಬಂದ್ಯಲ್ಲ?" ಎಂದೆ.

"ನಮ್ಮನೆಗೆ ಹಗ್ಗ ಉಳೀಲಿಲ್ಲ," ಎಂದ, ಉಪ್ಪು ಮುಗಿಯಿತು ಎಂದು ಹೇಳಿದ ಹಾಗೆ.

ಸಂಜೆ ಬೆಳಕಿರುವಾಗಲೇ ಅವರ ಮನೆ ಹೋಯಿತು. ಹಳೆಯ ಹಗ್ಗಗಳು ಒಂದಾದ ಮೇಲೊಂದು ಬಿಟ್ಟವು. ಮನೆ ಒಮ್ಮೆ ಸುತ್ತ ತಿರುಗಿ, ನಮ್ಮ ಅಟ್ಟದ ಪಕ್ಕದಿಂದಲೇ ಹಾದು ಅಳಿವೆಗೆ ಹೋಯಿತು. ಒಳಗೆ ಯಾರೂ ಇರಲಿಲ್ಲ. ಹನುಮಕ್ಕ ಅದು ಕಾಣುವಷ್ಟು ದೂರ ನೋಡಿದಳು, ಆಮೇಲೆ ಒಳಗೆ ಹೋಗಿ ಅಕ್ಕಿ ತೊಳೆದಳು. ಅಂದಿನಿಂದ ನಾಲ್ವರೂ ಒಂದೇ ಮನೆಯಲ್ಲಿದ್ದೇವೆ. ಸೋಮಿ ಹನುಮಕ್ಕನನ್ನು ಅಬ್ಬೆ ಎಂದು ಕರೆಯತೊಡಗಿದ್ದಾಳೆ.

ಇಲ್ಲಿಗೆ ಮುಗಿದಿದ್ದರೆ ನಾನು ನಿಮಗೆ ಬರೆಯುತ್ತಿರಲಿಲ್ಲ. ನಿನ್ನೆ ಗಾಳಿ ಮತ್ತೆ ಮೂಡಣಕ್ಕೆ ತಿರುಗಿತು. ಮರಳದಿಬ್ಬ ಈ ಮಳೆಗೆ ಕೊಚ್ಚಿಹೋಗಿದೆ. ಡ್ರಮ್ಮುಗಳನ್ನು ಒಯ್ದು ಇಡಲು ಎಲ್ಲೂ ಜಾಗವಿಲ್ಲ. ಒಡ್ಡಿನ ಮೇಲೆ ಗಂಡು ಗಿಡಗಳು ಮೊಗ್ಗು ತೂಗಿಕೊಂಡು ನಿಂತಿವೆ. ನನ್ನ ಅಟ್ಟದಲ್ಲಿ ಹೆಣ್ಣು ಗಿಡಗಳು ಬಿಳಿ ಎಳೆ ಬಿಡುತ್ತಿವೆ. ಈ ಸಲ ಕೊಯ್ದರೆ ಬೀಜದ ವಂಶವೇ ಮುಗಿಯಿತು. ಕೊಯ್ಯದಿದ್ದರೆ ಸೋಮಿಗೆ ಔಷಧವಿಲ್ಲ. ಇಂದು ಬೆಳಿಗ್ಗೆ ನಾಲ್ವರೂ ಒಟ್ಟಿಗೆ ಕೂತು ಗಂಜಿ ಉಂಡೆವು. ಮೀನಿನ ಮಾತಾಡಿದೆವು, ಅಟ್ಟದ ಕಲ್ಲು ಕುಸಿದ ಮಾತಾಡಿದೆವು, ಗಾಳಿಯ ಮಾತನ್ನು ಯಾರೂ ಆಡಲಿಲ್ಲ. ಉಂಡಾದ ಮೇಲೆ ಸೋಮಿ ತಾರಿಗೆ ಹೋದಳು. ಜಟ್ಟಣ್ಣ ಹೊಸ್ತಿಲಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದಾನೆ. ಯಾಕೆಂದು ಕೇಳಲು ನನಗೆ ಧೈರ್ಯವಿಲ್ಲ. ಬೇಡವೆನ್ನಲೂ ಬಾಯಿ ಬರುತ್ತಿಲ್ಲ, ಕೊಯ್ಯಿ ಎನ್ನಲೂ ಬರುತ್ತಿಲ್ಲ.

ಹಿರಿಯರೇ, ನಿಮ್ಮ ಮೇಲೆ ದೂರು ಹೇಳಲು ಕೂತಿಲ್ಲ. ಒಂದೇ ಕೇಳಿಕೆ. ನಿಮ್ಮ ಕಾಲದಲ್ಲಿ ಈ ಗಜನಿಯ ಪಡುವಣ ಬದಿಗೂ ಇನ್ನೊಂದು ಒಡ್ಡು ಇತ್ತೆಂದು ಹೇಳುತ್ತಾರೆ. ಏಡಿ ಕೊರೆದ ಬಿಲವನ್ನು ಯಾರೂ ಮುಚ್ಚದೆ ಅದು ಒಂದು ಕಡೆಯಿಂದ ಕರಗಿಹೋಯಿತಂತೆ. ಅದು ಇನ್ನೂ ನಿಂತಿರುವ ದಿನದಲ್ಲಿ ಈ ಕಾಗದ ನಿಮಗೆ ಸಿಕ್ಕಿದರೆ, ದಯವಿಟ್ಟು ಒಂದು ಬುಟ್ಟಿ ಮಣ್ಣು ಹೊತ್ತುಕೊಂಡು ಹೋಗಿ ಆ ಬಿಲ ಮುಚ್ಚಿ. ಅಲ್ಲಿ ಏನೂ ಬೆಳೆಯಬೇಕಿಲ್ಲ. ಒಣಗಿದ ನೆಲ ಒಂದಿಷ್ಟು ಆ ಕಡೆಗೂ ಇರಲಿ. ಗಾಳಿ ಯಾವ ಕಡೆಯಿಂದ ಬೀಸಿದರೂ ಜಟ್ಟಣ್ಣ ತನ್ನ ಗಿಡಗಳನ್ನು ನನ್ನ ಗಿಡಗಳಿಂದ ದೂರ ಇಟ್ಟುಕೊಳ್ಳುವಷ್ಟು.

ಮಸೆಯುವ ಸಪ್ಪಳ ನಿಂತಿತು. ಅವನು ಎದ್ದಿರಬೇಕು. ನಾನೂ ಏಳುತ್ತೇನೆ, ಅವನು ಒಬ್ಬನೇ ಒಡ್ಡಿಗೆ ಹೋಗಬಾರದು.

ನಿಮ್ಮ ಮುಂದಿನವಳು,
ಮಾದೇವಿ