ಹಳೇ ಲಸಿಕೆ ಡಬ್ಬಿ

ಅಮ್ಮಾ,

ಕ್ಷೇಮ ಸಮಾಚಾರ ಆಮೇಲೆ. ನೀನು ನರ್ಸ್ ಆಗಿದ್ದಾಗ ಹೊರುತ್ತಿದ್ದ ಲಸಿಕೆ ಡಬ್ಬಿ ಅಟ್ಟದ ಮೇಲಿದೆಯಲ್ಲ, ಅದನ್ನು ಗುಜರಿಗೆ ಹಾಕಬೇಡ. ನನಗೆ ಬೇಕು.

ಐಸ್ ಇಲ್ಲದೆಯೂ ಕೆಡದ ನಮ್ಮ ಲಸಿಕೆಗೆ ರಾಜ್ಯ ಸರ್ಕಾರ ಇನ್ನೂ ಮೂರು ವರ್ಷ ಅನುದಾನ ಕೊಟ್ಟಿದೆ. ಆದರೆ ಸುಮ್ಮನೆ ಕೊಡಲಿಲ್ಲ. ಸಮಿತಿಯಲ್ಲಿದ್ದ ಹಿರಿಯ ನರ್ಸೊಬ್ಬರು, "ಬಿಸಿಯಲ್ಲಿಟ್ಟು ನೋಡಿದ್ದೀರಿ, ಸರಿ. ಕುಲುಕಿ ನೋಡಿದ್ದೀರಾ?" ಅಂದರು. ಇಲ್ಲವೆಂದು ನಮ್ಮ ತಂಡದ ಐದೂ ಜನ ಒಪ್ಪಿಕೊಂಡೆವು. ಎರಡು ವರ್ಷ ಸೀಸೆಗಳನ್ನು ಅಲ್ಲಾಡದ ಹಾಗೆ ಬಿಸಿ ಕಪಾಟಿನಲ್ಲಿ ಕೂರಿಸಿದ್ದೆವು! ನಿನ್ನ ಹೆಗಲ ಮೇಲೆ ಆ ಡಬ್ಬಿ ಕುಣಿಯುವುದನ್ನು ನೋಡುತ್ತಲೇ ಬೆಳೆದ ನನಗೂ ಹೊಳೆಯಲಿಲ್ಲ. ನೀನು ಬೇರೆ ಬೈಯಬೇಡ.

ಯಾರಿಗಾದರೂ ಚುಚ್ಚುವುದು ಇನ್ನೂ ದೂರದ ಮಾತು. ಮೊದಲು ಸೀಸೆಗಳನ್ನು ಹೊತ್ತು ಬಿಸಿಲಲ್ಲಿ ನಡೆದು ನೋಡಬೇಕು, ಅದೇ ಸಮಿತಿಯ ಷರತ್ತು. ಐಸ್ ಕರಗಿತೆಂದು ಗುಡ್ಡದಾಚೆಯ ಊರಿನ ದಾರಿಯಲ್ಲಿ ನೀನು ಮೂರು ಸಲ ಅರ್ಧಕ್ಕೇ ತಿರುಗಿ ಬಂದು, ಊಟ ಬಿಟ್ಟು ಮಲಗಿದ್ದೆ. ಅದೇ ದಾರಿಯಲ್ಲಿ ಹೋಗೋಣ. ಭಾನುವಾರ ಬರುತ್ತೇನೆ. ಡಬ್ಬಿ ನಾನು ಹೊರುತ್ತೇನೆ, ದಾರಿ ನೀನು ತೋರಿಸು.

ಮಂಡಿ ನೋವಿನ ನೆಪ ಹೇಳಬೇಡ. ನಿಧಾನವಾಗಿಯೇ ನಡೆಯೋಣ. ಈ ಸಲ ಡಬ್ಬಿಯೊಳಗೆ ಕರಗುವಂಥದ್ದೇನೂ ಇರುವುದಿಲ್ಲ.

ನಿನ್ನ ಪೆದ್ದು ವಿಜ್ಞಾನಿ